ಪುರಭವನದಿಂದ ಟಾಕೀಸಿಗೆ

(ಹುಣಸೂರಿನ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಾಠ)



ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ನಾಲ್ಕು ಕಡೆಗಳಿಂದ ತಾವು ಬಂದು ಕುಳಿತಿದ್ದೀರಿ. ಕೆಲವರು ಬಸ್ಸಿನಲ್ಲಿ ನಿಂತೇ ಬಂದಿದ್ದೀರಿ. ಇಂಥ ಸಭೆಯಲ್ಲಿ ಹೊಗೆಸೊಪ್ಪಿನ ಬೆಲೆಯ ಮಾತನ್ನೋ ಕಬಿನಿಯ ನೀರಿನ ಮಾತನ್ನೋ ಆಡುವುದು ಬಿಟ್ಟು, ನಾಟಕದ ಹಾಲು ಸಿನಿಮಾ ಟಾಕೀಸಾದ ಕಥೆಯನ್ನು ಹೇಳಹೊರಟಿದ್ದೇವಲ್ಲ, ಇದೇನು ವಿನೋದವೇ ಎಂದು ಕೆಲವರಿಗೆ ಅನ್ನಿಸಬಹುದು. ಇದು ವಿನೋದವಲ್ಲ. ಜನ ನಾಲ್ಕು ಮಂದಿ ಒಂದೆಡೆ ಸೇರುವ ಜಾಗ ಯಾರದು, ಅದರ ಬಾಗಿಲ ಬೀಗದ ಕೈ ಯಾರ ಸೊಂಟದಲ್ಲಿದೆ, ಒಳಗೆ ಹೋದವನು ಎಲ್ಲಿ ಕೂರಬೇಕು ಎಂಬುದನ್ನು ಯಾರು ಗೊತ್ತುಮಾಡುತ್ತಾರೆ, ಇವು ರೊಟ್ಟಿಯ ಪ್ರಶ್ನೆಯಷ್ಟೇ ಹಳೆಯ ಪ್ರಶ್ನೆಗಳು. ಇಲ್ಲಿ ಸಭೆ ನಡೆಸಬೇಕಾದರೆ ಮದುವೆ ಛತ್ರದ ಯಜಮಾನರ ಬಳಿ ಹೋಗಿ, ಲಗ್ನವಿಲ್ಲದ ದಿನ ಯಾವುದೆಂದು ಪಂಚಾಂಗ ನೋಡಿಸಿಕೊಂಡು ಬರಬೇಕಾದ ಸ್ಥಿತಿ ನಮ್ಮ ತಾಲ್ಲೂಕು ಕೇಂದ್ರಗಳದ್ದು. ಅದು ತಮಗೇ ಗೊತ್ತಿದೆ.

ಮೈಸೂರಿನಿಂದಲೇ ಆರಂಭಿಸೋಣ. ಅರಮನೆಯ ಉತ್ತರಕ್ಕೆ, ದೊಡ್ಡ ಗಡಿಯಾರದ ಪಕ್ಕದಲ್ಲಿ ನಿಂತಿರುವ ಪುರಭವನವನ್ನು ತಾವೆಲ್ಲ ನೋಡಿದ್ದೀರಿ. ಅದರ ಪೂರ್ಣ ಹೆಸರು ರಂಗಾಚಾರ್ಲು ಸ್ಮಾರಕ ಭವನ. ಹೆಸರಿನಲ್ಲಿ ‘ರಂಗ’ ಎಂದಿರುವುದರಿಂದ ಅದು ನಾಟಕರಂಗಕ್ಕೆ ಸಂಬಂಧಪಟ್ಟದ್ದೆಂದು ಭಾವಿಸಿರುವ ಹುಡುಗರೂ ಉಂಟು. ಅದು ದಿವಾನ್ ರಂಗಾಚಾರ್ಲು ಅವರ ಹೆಸರು. 1881ರಲ್ಲಿ ಬ್ರಿಟಿಷರು ಮೈಸೂರು ಸಂಸ್ಥಾನವನ್ನು ಒಡೆಯರ ಮನೆತನಕ್ಕೆ ಹಿಂದಕ್ಕೆ ಕೊಟ್ಟಾಗ ಚಾಮರಾಜೇಂದ್ರ ಒಡೆಯರ ಮೊದಲ ದಿವಾನರಾದವರು ಅವರು. ಸಂಸ್ಥಾನ ಕೈಗೆ ಬಂದದ್ದು 1876-78ರ ಘೋರ ಬರಗಾಲದ ಬೆನ್ನಿಗೆ. ಊರೂರು ಖಾಲಿಯಾಗಿ, ಬೊಕ್ಕಸ ಸಾಲದಲ್ಲಿ ಮುಳುಗಿದ್ದ ಹೊತ್ತು. ಅಂಥ ಹೊತ್ತಿನಲ್ಲಿ ಈ ದಿವಾನರು 1881ರ ಅಕ್ಟೋಬರಿನ ದಸರೆಯ ಸಮಯಕ್ಕೆ ಪ್ರಜಾಪ್ರತಿನಿಧಿ ಸಭೆ ಎಂಬುದೊಂದನ್ನು ಕರೆದರು. 144 ಮಂದಿ ಬಂದರು.

ಯಾರು ಆ 144 ಮಂದಿ? ತಾಲ್ಲೂಕಿಗೆ ಒಬ್ಬಿಬ್ಬರು ಭೂಮಿಯುಳ್ಳ ರೈತರು, ಅವರ ಜೊತೆಗೆ ಕೆಲವರು ದೊಡ್ಡ ವರ್ತಕರು. ಆರಿಸಿ ಬಂದವರಲ್ಲ, ಅಧಿಕಾರಿಗಳು ಆಯ್ದು ಕಳುಹಿಸಿದವರು. ಚುನಾವಣೆ ಎಂಬುದು ಈ ಸಭೆಗೆ ಬಂದದ್ದು 1891ರಲ್ಲಿ, ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ. ಆಗಲೂ ಮತ ಹಾಕುವ ಹಕ್ಕು ಇದ್ದದ್ದು ಕಂದಾಯ ಕಟ್ಟುವವರಿಗೆ, ವಿದ್ಯೆ ಇದ್ದವರಿಗೆ. ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ದಿವಾನರು ವರದಿ ಓದುವರು, ಪ್ರತಿನಿಧಿಗಳು ಕುಂದುಕೊರತೆ ಹೇಳಿಕೊಳ್ಳುವರು, ಹಾರ ತುರಾಯಿ ಆಗುವುದು, ಊರಿಗೆ ಹಿಂದಿರುಗುವರು. ಗೇಣಿದಾರ, ಜೀತದಾಳು, ಹೊಲೆಗೇರಿಯವರು, ಕಾಡಿನ ಜೇನುಕುರುಬರು, ಇವರ ಪರವಾಗಿ ಎದ್ದು ನಿಲ್ಲುವವನು ಆ ಸಾಲಿನಲ್ಲಿ ಇರಲಿಲ್ಲ.

ಹೀಗಿದ್ದರೂ ರಂಗಾಚಾರ್ಲು ಅವರನ್ನು ಲಘುವಾಗಿ ಕಾಣುವುದು ನಮಗೆ ಸರಿತೋರುವುದಿಲ್ಲ. ಭಾರತದ ಬೇರೆ ಯಾವ ಸಂಸ್ಥಾನದಲ್ಲೂ ರಾಜನ ಸರ್ಕಾರ ಪ್ರಜೆಗಳನ್ನು ಕರೆದು ಕೂರಿಸಿ ಲೆಕ್ಕ ಒಪ್ಪಿಸುವ ಪದ್ಧತಿ ಆಗ ಇರಲಿಲ್ಲ. ಬಾಗಿಲು ಸಣ್ಣದಾದರೂ ತೆರೆದವರು ಅವರು. 1883ರ ಜನವರಿಯಲ್ಲಿ ತೀರಿಕೊಂಡರು. ಮರುವರ್ಷ, 1884ರಲ್ಲಿ, ಅವರ ನೆನಪಿಗೆಂದು ಈ ಭವನಕ್ಕೆ ಅಡಿಗಲ್ಲು ಬಿತ್ತು. ಅರಮನೆಯ ಎದುರಿಗೇ ಅರಮನೆಯಲ್ಲದ ಒಂದು ಕಟ್ಟಡ, ದೇವರಿಲ್ಲದ, ಮಹಾರಾಜರ ಪಟ್ಟದ ಗಾದಿಯಿಲ್ಲದ, ಪಟ್ಟಣದ ಜನ ಸೇರುವುದಕ್ಕೆಂದೇ ಇರುವ ಕಟ್ಟಡ. ಈಗ ನಮಗೆ ಇದು ಸಾಮಾನ್ಯವಾಗಿ ಕಾಣುತ್ತದೆ. ಅಲ್ಲಿಯವರೆಗೆ ನಮ್ಮ ಸೀಮೆಯಲ್ಲಿ ಜನ ಸೇರುತ್ತಿದ್ದುದು ದೇವಸ್ಥಾನದ ಅಂಗಳದಲ್ಲಿ, ಸಂತೆಮಾಳದಲ್ಲಿ, ಅರಳೀಕಟ್ಟೆಯಲ್ಲಿ. ಆ ಮೂರರಲ್ಲೂ ಯಾರು ಎಲ್ಲಿ ನಿಲ್ಲಬೇಕೆಂಬುದು ಹುಟ್ಟಿನಿಂದಲೇ ಗೊತ್ತಾಗಿಬಿಟ್ಟಿತ್ತು.

ಭವನ ಕಟ್ಟಿದ ಕಾಲಕ್ಕೇ ಮೈಸೂರಿನಲ್ಲಿ ನಾಟಕದ ಗಾಳಿ ಬೀಸತೊಡಗಿತ್ತು. ಉತ್ತರದಿಂದ ಸಾಂಗಲಿಯ ಮಂಡಳಿ, ಪಾರ್ಸಿ ಕಂಪನಿಗಳು ಬಂದು ಆಡಿಹೋದುವು. ಅದನ್ನು ಕಂಡ ಚಾಮರಾಜೇಂದ್ರ ಒಡೆಯರು ಅರಮನೆಯ ಆಶ್ರಯದಲ್ಲೇ ನಾಟಕ ಸಭೆಯನ್ನು ಮಾಡಿಸಿದರು. ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಕ್ಕೆ ತಂದರು. ಮೊದಮೊದಲು ಇದೆಲ್ಲ ಅರಮನೆಯ ಅತಿಥಿಗಳಿಗಾಗಿ. ಅಲ್ಲಿಂದ ಹೊರಬಿದ್ದ ನಟರು, ಅವರನ್ನು ನೋಡಿ ಕಲಿತವರು, ಟಿಕೆಟ್ಟು ಮಾರಿ ನಾಟಕವಾಡತೊಡಗಿದ ಮೇಲೆ ನಾಟಕ ಬೀದಿಗೆ ಬಂತು. ಎ. ವಿ. ವರದಾಚಾರ್ಯರ ರತ್ನಾವಳಿ ಕಂಪನಿಯ ಹೆಸರನ್ನು ಮೈಸೂರಿನ ಹಳಬರ ಮನೆಗಳಲ್ಲಿ ಈಗಲೂ ಹೇಳುತ್ತಾರೆ. ಆ ಮನುಷ್ಯ ಶಾಲೆ ಕಾಲೇಜುಗಳಿಗೆ, ಸಂಘಸಂಸ್ಥೆಗಳಿಗೆ ಸಹಾಯಾರ್ಥವೆಂದು ಆಡಿಕೊಟ್ಟ ನಾಟಕಗಳಿಗೆ ಲೆಕ್ಕವಿಲ್ಲ. 1926ರಲ್ಲಿ ತೀರಿಕೊಂಡಾಗ ಅವರ ಕೈ ಬರಿದಾಗಿತ್ತು. ಕಲಾವಿದರ ವಿಚಾರದಲ್ಲಿ ನಮ್ಮ ಸಮಾಜ ಹಾಕಿಕೊಟ್ಟಿರುವ ಮೇಲ್ಪಂಕ್ತಿ ಅದೇ.

ಆ ಕಾಲದ ನಾಟಕದ ಹಾಲು ಹೇಗಿರುತ್ತಿತ್ತೆಂಬುದನ್ನು ಸ್ವಲ್ಪ ವಿವರಿಸಬೇಕು, ಮುಂದಿನ ಮಾತಿಗೆ ಅದು ಬೇಕಾಗುತ್ತದೆ. ಎದುರಿಗೆ ಎತ್ತರದ ಅಟ್ಟಣೆ. ಅದರ ಮೇಲೆ ಒಂದರ ಹಿಂದೊಂದು ಸುರುಳಿ ಪರದೆಗಳು: ಅರಮನೆ, ಕಾಡು, ಬೀದಿ, ಕೈಲಾಸ. ಎರಡು ಪಕ್ಕಗಳಲ್ಲಿ ಸೈಡ್‌ವಿಂಗು. ಅಟ್ಟಣೆಯ ಕೆಳಗೋ ಪಕ್ಕದಲ್ಲೋ ಹಾರ್ಮೋನಿಯಂ, ತಬಲ. ಮೈಸೂರಿಗೆ ವಿದ್ಯುತ್ ದೀಪ ಬಂದದ್ದು 1908ರಲ್ಲಿ. ಅದಕ್ಕೆ ಮುಂಚೆ ಎಣ್ಣೆದೀಪ, ಆಮೇಲೆ ಗ್ಯಾಸ್‌ಲೈಟು. ನಟನ ಕಂಠ ಕಟ್ಟಕಡೆಯ ಸಾಲಿಗೆ ಮುಟ್ಟಬೇಕು, ಏಕೆಂದರೆ ಮೈಕು ಇಲ್ಲ. ಅದಕ್ಕೇ ಆ ನಟರು ಹಾಗೆ ಕೂಗಿ ಮಾತಾಡುತ್ತಿದ್ದರು. ಇಂದು ಅದನ್ನು ಕಂಪನಿ ಶೈಲಿ ಎಂದು ನಗುವವರು ಒಮ್ಮೆ ಮೈಕಿಲ್ಲದೆ ಐನೂರು ಜನರೆದುರು ಮಾತಾಡಿ ನೋಡಲಿ. ಮುಂದಿನ ಸಾಲಿನಲ್ಲಿ ಸೋಫಾ, ಅದರ ಹಿಂದೆ ಕುರ್ಚಿ, ಅದರ ಹಿಂದೆ ಬೆಂಚು, ಕೊನೆಗೆ ಚಾಪೆ ಅಥವಾ ಬರಿಯ ನೆಲ. ಹೆಂಗಸರಿಗೆ ಬೇರೆ ಕಡೆ. ಹುಟ್ಟಿನಿಂದ ಜಾಗ ಗೊತ್ತಾಗುತ್ತಿದ್ದ ಕಡೆ ಈಗ ಕಾಸಿನಿಂದ ಗೊತ್ತಾಗುವಂತಾಯಿತು. ಇದು ಒಂದು ರೀತಿಯಲ್ಲಿ ಮುಂದಕ್ಕೆ ಇಟ್ಟ ಹೆಜ್ಜೆಯೇ ಹೌದು. ಕೈಯಲ್ಲಿ ನಾಲ್ಕಾಣೆ ಇರುವ ಯಾರಾದರೂ ಕುರ್ಚಿಯಲ್ಲಿ ಕೂರಬಹುದು ಎಂಬ ಮಾತು ಹಳ್ಳಿಯ ಜಗಲಿಯಲ್ಲಿ ನಡೆಯುತ್ತಿರಲಿಲ್ಲ. ಆದರೆ ನಾಲ್ಕಾಣೆ ಯಾರ ಕೈಯಲ್ಲಿರುತ್ತಿತ್ತು ಎಂದು ಕೇಳಿದರೆ ಮತ್ತೆ ಅದೇ ಮನೆಗಳ ಹೆಸರನ್ನೇ ಹೇಳಬೇಕಾಗುತ್ತದೆ.

ಈಗ ಸಿನಿಮಾಕ್ಕೆ ಬರೋಣ. 1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಫ್ರಾನ್ಸಿನ ಲೂಮಿಯೇರ್ ಸೋದರರ ಚಲಿಸುವ ಚಿತ್ರಗಳನ್ನು ತೋರಿಸಿದರು. ಪ್ರವೇಶ ಒಂದು ರೂಪಾಯಿ. ಆ ದಿನದ ಒಂದು ರೂಪಾಯಿ ಕೂಲಿಯವನಿಗೆ ಹಲವು ದಿನಗಳ ದುಡಿಮೆ. ಒಂದು ವಾರ ಕಳೆಯುವುದರೊಳಗೆ ಆ ಆಟ ಅದೇ ಊರಿನ ನಾವೆಲ್ಟಿ ಎಂಬ ನಾಟಕಶಾಲೆಗೆ ಹೋಯಿತು. ಅಲ್ಲಿ ನಾಲ್ಕಾಣೆಯಿಂದ ಎರಡು ರೂಪಾಯಿಯವರೆಗೆ ದರ್ಜೆಗಳಾದುವು, ಪರದೆಯ ಹೆಂಗಸರಿಗೆ ಪ್ರತ್ಯೇಕ ಪೆಟ್ಟಿಗೆಗಳಾದುವು. ಅಂದರೆ, ನಮ್ಮ ದೇಶಕ್ಕೆ ಸಿನಿಮಾ ಕಾಲಿಟ್ಟ ಎಂಟು ದಿನಕ್ಕೇ ಅದು ನಾಟಕದ ಹಾಲಿನೊಳಗೆ ನುಗ್ಗಿತು, ನುಗ್ಗುವಾಗ ನಾಟಕದ ದರ್ಜೆಗಳನ್ನೇ ಹೊತ್ತುಕೊಂಡಿತು. ಅದೇ 1896ರಲ್ಲಿ ಮದರಾಸಿನಲ್ಲಿ ಸ್ಟೀವನ್ಸನ್ ಎಂಬ ಛಾಯಾಚಿತ್ರಗಾರ ಕಿರುಚಿತ್ರಗಳನ್ನು ತೋರಿಸಿದ್ದು ವಿಕ್ಟೋರಿಯಾ ಪಬ್ಲಿಕ್ ಹಾಲಿನಲ್ಲಿ. ಅದೂ ನಮ್ಮ ರಂಗಾಚಾರ್ಲು ಭವನದ ಓರಗೆಯ ಪುರಭವನ, 1880ರ ದಶಕದಲ್ಲೇ ಎದ್ದದ್ದು. ಪಮ್ಮಳ್ ಸಂಬಂಧ ಮೊದಲಿಯಾರರ ಸುಗುಣ ವಿಲಾಸ ಸಭೆ ತಮಿಳು ನಾಟಕಗಳನ್ನು ಆಡುತ್ತಿದ್ದದ್ದು ಅಲ್ಲಿಯೇ. ಕಲ್ಕತ್ತೆಯಲ್ಲಿ ಮದನ್ ಎಂಬ ಪಾರ್ಸಿ ವರ್ತಕರು ನಾಟಕ ಕಂಪನಿಗಳನ್ನು ಕೊಂಡು, ಅವುಗಳ ಹಿಂದೆಯೇ ಸಿನಿಮಾ ಮಂದಿರಗಳ ಸಾಲನ್ನೇ ದೇಶದ ತುಂಬ ಕಟ್ಟಿದರು.

ನಮ್ಮ ಬೆಂಗಳೂರಿನಲ್ಲಿ ಈ ಬದಲಾವಣೆ ಬಹಳ ಸ್ಪಷ್ಟವಾಗಿ ಕಾಣುತ್ತದೆ. ದಂಡಿನ ಭಾಗದಲ್ಲಿ, ಈಗ ಶಿವಾಜಿನಗರವೆನ್ನುವ ಕಡೆ, 1896ರಲ್ಲಿ ನೃತ್ಯಕ್ಕೂ ನಾಟಕಕ್ಕೂ ಎಂದು ಕಟ್ಟಿದ ಹಾಲಿಗೆ ಆಗಿನ ವೈಸರಾಯ್ ಎಲ್ಗಿನ್ನನ ಹೆಸರಿಟ್ಟರು. ಅದು ಮೂಕಿಚಿತ್ರದ ಮನೆಯಾಯಿತು, ಆಮೇಲೆ ಎಲ್ಗಿನ್ ಟಾಕೀಸ್ ಆಗಿ ಮರದ ಬೆಂಚಿನ ಮೇಲೆ ಶ್ರಮಜೀವಿಗಳನ್ನು ಕೂರಿಸಿಕೊಂಡು ಬಹುಕಾಲ ನಡೆಯಿತು. ಕಬ್ಬನ್ ರಸ್ತೆಯಲ್ಲಿ ಬಿ.ಆರ್.ವಿ. ಎಂಬ ಸಿನಿಮಾ ಮಂದಿರವಿತ್ತು. ಮೂರಕ್ಷರದ ಅರ್ಥ ಬೆಂಗಳೂರು ರೈಫಲ್ ವಾಲಂಟಿಯರ್ಸ್. ಬಿಳಿಯರೂ ಆಂಗ್ಲೋ-ಇಂಡಿಯನ್ನರೂ ಸೇರಿದ್ದ ಬಂದೂಕಿನ ದಳ ಅದು. ಅವರ ಕಟ್ಟಡ ಇಂಗ್ಲಿಷ್ ಸಿನಿಮಾದ ಮಂದಿರವಾಯಿತು, ಸಿನಿಮಾ ನಿಂತ ಮೇಲೆ ಸೈನ್ಯದ ಕ್ಯಾಂಟೀನಾಯಿತು. ಬಂದೂಕಿನವರ ಮನೆ ಸುತ್ತಿ ಸುಳಿದು ಬಂದೂಕಿನವರಿಗೇ ಹೋಯಿತೆನ್ನಿ.

ಇವೆರಡಕ್ಕಿಂತ ನಮಗೆ ಹೆಚ್ಚು ಹತ್ತಿರದ್ದು ಪೇಟೆಯ ಕಡೆಯದು. ದೊಡ್ಡ ಮಾರುಕಟ್ಟೆಯ ಬಳಿ, ಜನೋಪಕಾರಿ ಎಂದು ಹೆಸರಾದ ದೊಡ್ಡಣ್ಣ ಶೆಟ್ಟರ ಹೆಸರಿನ ಹಾಲ್ ಒಂದಿತ್ತು. ಶೆಟ್ಟರು ಕಲಾಸಿಪಾಳ್ಯದಲ್ಲಿ ಬಡವರ ಮಕ್ಕಳಿಗೆ ಶಾಲೆ ತೆರೆದವರು. ಸಭೆ, ಭಾಷಣ, ನಾಟಕಗಳ ಆ ದೊಡ್ಡಣ್ಣ ಹಾಲ್ ಕಾಲಕ್ರಮದಲ್ಲಿ ಪ್ಯಾರಾಮೌಂಟ್ ಎಂಬ ಟಾಕೀಸಾಯಿತು. 1934ರ ಮಾರ್ಚ್ 3ರಂದು ಕನ್ನಡದ ಮೊಟ್ಟಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ ತೆರೆಕಂಡದ್ದು ಆ ಪ್ಯಾರಾಮೌಂಟಿನಲ್ಲಿ. ಹಲವು ವಾರ ಜನ ಮುಕುರಿದರು. ಆ ಚಿತ್ರದ ಪಾತ್ರಧಾರಿಗಳು ಯಾರು ಎಂಬುದನ್ನು ಗಮನಿಸಿ. ಇಂದ್ರಜಿತುವಾಗಿ ಎಂ. ವಿ. ಸುಬ್ಬಯ್ಯ ನಾಯ್ಡು, ರಾವಣನಾಗಿ ಆರ್. ನಾಗೇಂದ್ರರಾವ್, ಸುಲೋಚನೆಯಾಗಿ ತ್ರಿಪುರಾಂಬ, ಸಾಹಿತ್ಯ ಬೆಳ್ಳಾವೆ ನರಹರಿಶಾಸ್ತ್ರಿಗಳದ್ದು. ಎಲ್ಲರೂ ನಾಟಕದವರು. ಹಣ ಹಾಕಿದವರು ಮಾರವಾಡಿ ವರ್ತಕರಾದ ಚಮನ್‌ಲಾಲ್ ಡೂಂಗಾಜಿ. ಚಿತ್ರ ತೆಗೆದದ್ದು ಕೊಲ್ಲಾಪುರದಲ್ಲಿ, ಏಕೆಂದರೆ ಕನ್ನಡನಾಡಿನಲ್ಲಿ ಆಗ ಮಾತಿನ ಚಿತ್ರ ತೆಗೆಯುವ ಸ್ಟುಡಿಯೋ ಇರಲಿಲ್ಲ. ಖರ್ಚು 40,000 ರೂಪಾಯಿ ಎನ್ನುತ್ತಾರೆ. ದುಡ್ಡು ಒಂದು ಕಡೆಯದು, ಯಂತ್ರ ಇನ್ನೊಂದು ಕಡೆಯದು, ಕಂಠ ಮಾತ್ರ ನಮ್ಮ ನಾಟಕದವರದು. ನಾಟಕದ ಹಾಲಿನಲ್ಲಿ, ನಾಟಕದವರದೇ ಕಂಠ, ನಾಟಕದ ಹೊಟ್ಟೆಯ ಮೇಲೆ ಹೊಡೆಯಿತು.

ಹೇಗೆ ಹೊಡೆಯಿತೆಂಬುದನ್ನು ಭಾವುಕತೆಯಿಲ್ಲದೆ ನೋಡಬೇಕು. ಸಿನಿಮಾ ಬಂದು ಜನರ ಅಭಿರುಚಿ ಕೆಟ್ಟಿತು, ಅದರಿಂದ ನಾಟಕ ಸತ್ತಿತು ಎಂಬುದು ಪಂಡಿತರ ಮಾತು. ಲೆಕ್ಕದ ಪುಸ್ತಕ ಬೇರೆ ಹೇಳುತ್ತದೆ. ನಾಟಕ ಕಂಪನಿ ಎಂದರೆ ಹತ್ತಾರು ಸಂಸಾರ. ನಟರು, ಹಾಡುವವರು, ವಾದ್ಯದವರು, ಪರದೆ ಎಳೆಯುವವರು, ಬಣ್ಣದವರು, ಅಡಿಗೆಯವರು, ಅವರ ಹೆಂಡಿರು ಮಕ್ಕಳು. ಆಟ ಆಡಿದರೂ ಆಡದಿದ್ದರೂ ದಿನಕ್ಕೆರಡು ಹೊತ್ತು ಇವರೆಲ್ಲರಿಗೂ ಒಲೆ ಉರಿಯಬೇಕು. ರಾತ್ರಿಗೆ ಒಂದು ಆಟ, ಅದೂ ಬೆಳಗಿನ ಜಾವದವರೆಗೆ. ಟಾಕೀಸಿಗಾದರೋ ಹತ್ತು ಹನ್ನೆರಡು ಆಳು ಸಾಕು. ಡಬ್ಬಿಯಲ್ಲಿರುವ ರಾವಣನಿಗೆ ಊಟ ಹಾಕಬೇಕಾಗಿಲ್ಲ, ಗಂಟಲು ಕಟ್ಟಿತೆಂದು ಅವನು ರಜ ಕೇಳುವುದಿಲ್ಲ. ದಿನಕ್ಕೆ ಎರಡೋ ಮೂರೋ ಆಟ. ಹಾಲಿನ ಯಜಮಾನ ಯಾರಿಗೆ ಬಾಡಿಗೆ ಕೊಟ್ಟಾನು? ಅವನು ದುಷ್ಟನೆಂದು ಬಯ್ಯಬೇಕಾಗಿಲ್ಲ, ಖಾಸಗಿ ಲಾಭಕ್ಕೆ ನಡೆಯುವ ಹಾಲು ಲಾಭ ಇರುವ ಕಡೆಗೇ ವಾಲುತ್ತದೆ. 1930 ಮತ್ತು 40ರ ದಶಕಗಳಲ್ಲಿ ಊರೂರಿನ ನಾಟಕಶಾಲೆಗಳ ಅಟ್ಟಣೆಯ ಮೇಲೆ ಬಿಳಿಯ ತೆರೆ ಬಿದ್ದದ್ದು ಹೀಗೆ. ತೆರೆಯ ಹಿಂದೆ ಉಳಿದ ಅಟ್ಟಣೆಯಲ್ಲಿ ಲೌಡ್‌ಸ್ಪೀಕರ್ ಇಟ್ಟರು, ಮುರಿದ ಕುರ್ಚಿ ತುಂಬಿದರು. ಹಾಲಿನ ಹಿಂಭಾಗದ ಗೋಡೆ ಒಡೆದು ಯಂತ್ರದ ಕೋಣೆ ಕಟ್ಟಿದರು.

ನಾಟಕದವರಲ್ಲಿ ಇದನ್ನು ಬೇಗ ಕಂಡುಕೊಂಡವರು ಗುಬ್ಬಿ ವೀರಣ್ಣನವರು. ಮೂಕಿಯ ಕಾಲದಲ್ಲೇ ಚಿತ್ರ ತೆಗೆಯಲು ಕೈಹಾಕಿದರು, ಆಮೇಲೆ ‘ಸದಾರಮೆ’, ‘ಜೀವನ ನಾಟಕ’, ‘ಹೇಮರೆಡ್ಡಿ ಮಲ್ಲಮ್ಮ’ ತೆಗೆದರು. ಜೊತೆಗೆ ‘ಕುರುಕ್ಷೇತ್ರ’ ನಾಟಕದಲ್ಲಿ ರಂಗದ ಮೇಲೆ ನಿಜವಾದ ಆನೆ ಕುದುರೆಗಳನ್ನೇ ತಂದರು. ಸಿನಿಮಾ ತೋರಿಸುವ ಆನೆ ನೆರಳಿನದು, ನಮ್ಮದು ಲದ್ದಿ ಹಾಕುವ ಆನೆ ಎಂಬ ಸವಾಲು ಅದು. ಆದರೆ ಎಲ್ಲ ಕಂಪನಿಗಳಿಗೂ ಆನೆ ಸಾಕುವ ಶಕ್ತಿ ಎಲ್ಲಿಂದ ಬರಬೇಕು? ಉಳಿದವು ತಗಡಿನ ತಾತ್ಕಾಲಿಕ ಥಿಯೇಟರು ಹಾಕಿಕೊಂಡು ಜಾತ್ರೆಯಿಂದ ಜಾತ್ರೆಗೆ ಅಲೆದವು, ಎಷ್ಟೋ ಮುಚ್ಚಿಹೋದವು.

ಸರ್ಕಾರ ಇದರಲ್ಲಿ ಎಲ್ಲಿತ್ತು ಎಂದು ಕೇಳಬಹುದು. ಎರಡು ಕಡೆ ಇತ್ತು. ಒಂದು, ಹೆದರಿಕೆಯ ಕಡೆ. ಬಂಗಾಳದಲ್ಲಿ ನೀಲಿ ತೋಟದ ದೊರೆಗಳನ್ನೂ ಚಹಾ ತೋಟದ ದೊರೆಗಳನ್ನೂ ಬಯಲಿಗೆಳೆದ ನಾಟಕಗಳಿಂದ ಬೆಚ್ಚಿ ಬ್ರಿಟಿಷರು 1876ರಲ್ಲೇ ನಾಟಕ ಪ್ರದರ್ಶನ ಕಾಯಿದೆ ತಂದರು. ಎರಡು, ಬೆಂಕಿಯ ಕಡೆ. ಹಳೆಯ ಫಿಲಂ ಸುರುಳಿ ಸಿಡಿಮದ್ದಿನ ಸೋದರನಂಥದ್ದು, ಕಿಡಿ ತಗುಲಿದರೆ ನೀರಿಗೂ ಆರದು. 1918ರ ಸಿನಿಮಾಟೋಗ್ರಾಫ್ ಕಾಯಿದೆಯಲ್ಲಿ ಲೈಸೆನ್ಸಿನ ಮಾತು ಬಂದದ್ದಕ್ಕೆ ಇದೂ ಕಾರಣ. ನಮ್ಮ ರಾಜ್ಯದ ಸಿನಿಮಾ ನಿಯಂತ್ರಣ ಕಾಯಿದೆ 1964ರದು, ಲೈಸೆನ್ಸು ಕೊಡುವವರು ಜಿಲ್ಲಾ ಮ್ಯಾಜಿಸ್ಟ್ರೇಟರು. ನಿಯಮ ಕಾಗದದಲ್ಲಿದ್ದರೆ ಸಾಲದು ಎಂಬುದಕ್ಕೆ ಸಾಕ್ಷಿ ನಮ್ಮ ಹುಣಸೂರು ರಸ್ತೆಯಲ್ಲೇ ಇದೆ. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪುವಿನ ಕಥೆಯ ಟೆಲಿವಿಷನ್ ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿದ್ದಾಗ ಬೆಂಕಿ ಹತ್ತಿ 62 ಮಂದಿ ಸತ್ತರು. ನಾಯಕನಟ ಸುಟ್ಟಗಾಯಗಳಿಂದ ಬದುಕಿದ ಸುದ್ದಿ ದೇಶಕ್ಕೆಲ್ಲ ಗೊತ್ತು. ಸತ್ತ ಕೆಲಸಗಾರರ ಹೆಸರು ಹೇಳಿರೆಂದರೆ ನಮ್ಮಲ್ಲಿ ಎಷ್ಟು ಮಂದಿ ಹೇಳಬಲ್ಲೆವು?

ಇನ್ನು ನಮ್ಮ ನಾಲ್ಕು ತಾಲ್ಲೂಕುಗಳ ಮಾತು. ಈಗ ಸಾಲಿಗ್ರಾಮ, ಸರಗೂರುಗಳು ಬೇರೆ ತಾಲ್ಲೂಕುಗಳಾಗಿವೆ, ಅವನ್ನೂ ಸೇರಿಸಿಯೇ ಹೇಳುತ್ತೇವೆ. ಸಿನಿಮಾದ ದೊಡ್ಡ ಚರಿತ್ರೆಯಲ್ಲಿ ಈ ಸೀಮೆಗೆ ಜಾಗವಿಲ್ಲವೆಂದು ತಿಳಿಯಬೇಡಿ. ಕೋಟೆ ತಾಲ್ಲೂಕಿನ ಕಾರಾಪುರದಲ್ಲಿ 1924ರಲ್ಲಿ ಒಬ್ಬ ಮಾವುತನ ಮಗನಾಗಿ ಹುಟ್ಟಿದ ಸಾಬು ಎಂಬ ಹುಡುಗನನ್ನು 1935ರಲ್ಲಿ ರಾಬರ್ಟ್ ಫ್ಲಾಹರ್ಟಿಯ ತಂಡ ಕಂಡು, ‘ಎಲಿಫೆಂಟ್ ಬಾಯ್’ ಚಿತ್ರದ ನಾಯಕನನ್ನಾಗಿ ಮಾಡಿತು. ಚಿತ್ರ 1937ರಲ್ಲಿ ಬಿಡುಗಡೆಯಾಯಿತು. ಹುಡುಗ ಲಂಡನ್ನಿಗೆ, ಅಲ್ಲಿಂದ ಹಾಲಿವುಡ್ಡಿಗೆ ಹೋದ, 1963ರಲ್ಲಿ ಅಮೆರಿಕದಲ್ಲೇ ತೀರಿಕೊಂಡ. ಜಗತ್ತಿನ ಬಿಳಿತೆರೆಯ ಮೇಲೆ ಆನೆ ಏರಿ ಕೂತ ಆ ಹುಡುಗನ ಊರು ಆಗ ನೆಟ್ಟಗೆ ಒಂದು ಬಸ್ಸಿಲ್ಲದ ಕಾಡಂಚು. ಮಾಸ್ತಿಯವರ ‘ಕಾಕನಕೋಟೆ’ ನಾಟಕವನ್ನು ಸಿ. ಆರ್. ಸಿಂಹ ಅವರು 1977ರಲ್ಲಿ ಸಿನಿಮಾ ಮಾಡಿದರು, ಕಾಡುಕುರುಬರ ಕಾಚನ ಕಥೆ. ಈ ಊರಿನ ಹೆಸರನ್ನೇ ಹೊತ್ತ ಹುಣಸೂರು ಕೃಷ್ಣಮೂರ್ತಿಗಳು 1914ರಲ್ಲಿ ಇಲ್ಲಿ ಹುಟ್ಟಿ, ನಾಟಕ ಕಂಪನಿಯಲ್ಲಿ ಪಳಗಿ ಸಿನಿಮಾಕ್ಕೆ ಹೋದವರು. ‘ಸತ್ಯ ಹರಿಶ್ಚಂದ್ರ’, ‘ಭಕ್ತ ಕುಂಬಾರ’, ‘ಬಬ್ರುವಾಹನ’ ಅವರ ನಿರ್ದೇಶನದವು. ಆ ಚಿತ್ರಗಳ ಮಾತಿನ ಕಟ್ಟು, ಪದ್ಯದ ಎತ್ತುಗಡೆ ಕೇಳಿದರೆ ಅದು ನಾಟಕದ ಅಟ್ಟಣೆಯಿಂದ ಇಳಿದು ಬಂದದ್ದೆಂದು ಗುರುತು ಸಿಕ್ಕುತ್ತದೆ.

ನಮ್ಮ ಹಳ್ಳಿಗಳಿಗೆ ಸಿನಿಮಾ ಬಂದದ್ದು ಹಾಲಿನಲ್ಲಿ ಅಲ್ಲ, ಟೆಂಟಿನಲ್ಲಿ. ಸುಗ್ಗಿ ಮುಗಿದ ಗದ್ದೆಯಲ್ಲಿ, ಸಂತೆಮಾಳದಲ್ಲಿ, ಜಾತ್ರೆಯ ಬಯಲಿನಲ್ಲಿ ಡೇರೆ ಎದ್ದರೆ ಅದೇ ಟೂರಿಂಗ್ ಟಾಕೀಸು. ಹಿಂದೆ ಜಾನಪದ ಮಾಯಾಜಾಲದ ಚಿತ್ರಗಳಿಗೆ ಹೆಸರಾದ ಬಿ. ವಿಠ್ಠಲಾಚಾರ್ಯರೂ ಅರಸೀಕೆರೆಯಲ್ಲಿ ಟೂರಿಂಗ್ ಟಾಕೀಸು ನಡೆಸಿಯೇ ಕಲಿತವರು. ವಿದ್ಯುತ್ತಿಲ್ಲದ ಕಡೆ ಎಂಜಿನ್ ಇಟ್ಟು ಡೈನಮೋ ತಿರುಗಿಸುತ್ತಿದ್ದರು. ಯಂತ್ರ ಒಂದೇ, ಆದುದರಿಂದ ಸುರುಳಿ ಮುಗಿದಾಗಲೆಲ್ಲ ದೀಪ ಹತ್ತುತ್ತಿತ್ತು, ಕಡಲೆಕಾಯಿಯವನು ಒಳಗೆ ಬರುತ್ತಿದ್ದ. ಸಂಜೆ ಘಂಟಸಾಲರ ವೆಂಕಟರಮಣನ ಹಾಡು ಮೈಕಿನಲ್ಲಿ ಕೇಳಿತೆಂದರೆ ಆಟ ಹತ್ತಿರವಾಯಿತೆಂದು ಎರಡು ಮೈಲಿ ಆಚೆಯ ಹಳ್ಳಿಯವರು ಎತ್ತುಗಳನ್ನು ಕೊಟ್ಟಿಗೆಗೆ ಕಟ್ಟಿ ಓಡಿಬರುತ್ತಿದ್ದರು. ನೆಲ, ಬೆಂಚು, ಕುರ್ಚಿ ಅಲ್ಲೂ ಇದ್ದವು. ಆದರೆ ನೆಲದವನು ತೆರೆಗೆ ಎಲ್ಲರಿಗಿಂತ ಹತ್ತಿರ, ಮರಳನ್ನು ಗುಡ್ಡೆ ಮಾಡಿ ಅದರ ಮೇಲೆ ಕೂತು ಕುರ್ಚಿಯವನಿಗೆ ಅಡ್ಡವಾಗುತ್ತಿದ್ದ. ಕತ್ತಲಾದ ಮೇಲೆ ಪಕ್ಕದಲ್ಲಿ ಯಾವ ಕೇರಿಯವನು ಕೂತಿದ್ದಾನೆಂದು ಕಾಣುತ್ತಿರಲಿಲ್ಲ. ಊರಿನ ದೇವಸ್ಥಾನ ಒಳಕ್ಕೆ ಬಿಡದಿದ್ದವನನ್ನು ಟೆಂಟು ಒಳಕ್ಕೆ ಬಿಟ್ಟಿತು. ಟೆಂಟಿನ ಯಜಮಾನ ಸಮಾಜ ಸುಧಾರಕನೇನಲ್ಲ, ಅವನಿಗೆ ಬೇಕಾದದ್ದು ಟಿಕೆಟ್ಟಿನ ಕಾಸು. ಚರಿತ್ರೆ ಕೆಲವು ವೇಳೆ ಇಂಥ ಅಡ್ಡದಾರಿಯಲ್ಲೂ ನಡೆಯುತ್ತದೆ.

ಟಾಕೀಸು ಬಂದರೂ ನಮ್ಮ ಹಳ್ಳಿಗಳಲ್ಲಿ ನಾಟಕ ಸಾಯಲಿಲ್ಲ ಎಂಬುದನ್ನು ಪೇಟೆಯ ವಿಮರ್ಶಕರು ಗಮನಿಸುವುದೇ ಇಲ್ಲ. ಹಾರ್ಮೋನಿಯಂ ಮೇಷ್ಟ್ರು ಬಂದು ಊರಿನ ಜಗಲಿಯಲ್ಲಿ ಮೂರು ನಾಲ್ಕು ತಿಂಗಳು ಕೂತು, ಉಳುವ ಹುಡುಗರಿಗೆ ‘ಕುರುಕ್ಷೇತ್ರ’ದ ಕಂದಪದ್ಯ ಕಲಿಸುತ್ತಾರೆ. ಪಾತ್ರಕ್ಕೆ ಇಷ್ಟು ಎಂದು ದುಡ್ಡು. ಕೃಷ್ಣನಿಗೂ ದುರ್ಯೋಧನನಿಗೂ ಹೆಚ್ಚು, ಶಕುನಿಗೆ ಸ್ವಲ್ಪ ಕಡಿಮೆ. ಹೊಗೆಸೊಪ್ಪು ಹರಾಜಾಗಿ ಕೈಗೆ ಬಂದ ಕಾಸಿನಲ್ಲಿ ದುರ್ಯೋಧನನ ಕಿರೀಟಕ್ಕೆ ಎಷ್ಟು ಹೋಯಿತೆಂದು ಮನೆಯ ಹೆಂಗಸರು ಬಲ್ಲರು, ಅವರ ಬೈಗುಳವೂ ಈ ಕಲೆಯ ಒಂದು ಅಂಗವೇ. ಸೀನರಿ, ಡ್ರೆಸ್ಸು ಬಾಡಿಗೆಗೆ ತಂದು, ರಾತ್ರಿ ಒಂಬತ್ತಕ್ಕೆ ಗಣಪತಿ ಪ್ರಾರ್ಥನೆ ಮಾಡಿದರೆ, ಭೀಮ ತೊಡೆ ಮುರಿಯುವ ಹೊತ್ತಿಗೆ ಹಾಲು ಕರೆಯುವ ಸಮಯ. ಈ ಹವ್ಯಾಸಿಗಳಿಗೆ ಒಂದು ಆಸೆ ಉಂಟು. ಒಮ್ಮೆಯಾದರೂ ಮೈಸೂರಿನ ಪುರಭವನದಲ್ಲಿ ಆಡಬೇಕು. ಹಾಗೆ ಲಾರಿ ಮಾಡಿಕೊಂಡು ಬಂದು ಆಡಿದ ಮಂಡಳಿಗಳು ಸುತ್ತಿನ ತಾಲ್ಲೂಕುಗಳಲ್ಲಿ ಬೇಕಾದಷ್ಟಿವೆ. ಭೂಮಿಯುಳ್ಳವರನ್ನು ಮಾತ್ರ ಕರೆದ ಸಭೆಯ ದಿವಾನರ ಸ್ಮಾರಕದಲ್ಲಿ, ಗೇಣಿದಾರನ ಮೊಮ್ಮಗ ಧರ್ಮರಾಯನಾಗಿ ನಿಂತು ಹಾಡುತ್ತಾನೆ. ಹೊರಗೆ ಆವರಣದಲ್ಲಿ ಬಾಬಾಸಾಹೇಬ ಅಂಬೇಡ್ಕರರ ಪ್ರತಿಮೆ ನಿಂತಿದೆ. 1884ರಲ್ಲಿ ಕಲ್ಲು ಇಟ್ಟವರ ಮನಸ್ಸಿನಲ್ಲಿ ಇವೆರಡೂ ಇದ್ದಿರಲಾರವು. ಆದರೂ ಸಾಧ್ಯವಾದದ್ದು ಏಕೆಂದರೆ, ಅದು ಪೌರಸಂಸ್ಥೆಯ ಕಟ್ಟಡವಾಗಿ ಉಳಿಯಿತು, ಯಾವ ಯಜಮಾನನ ಪಾಲಿಗೂ ಹೋಗಲಿಲ್ಲ.

ಹೋಗಿದ್ದರೆ ಏನಾಗುತ್ತಿತ್ತೆಂಬುದನ್ನು ನೋಡಲು ದೂರ ಹೋಗಬೇಕಾಗಿಲ್ಲ. ನಾಟಕಶಾಲೆಯನ್ನು ನುಂಗಿದ ಟಾಕೀಸನ್ನು ನುಂಗುವವರು ಈಗ ಬಂದಿದ್ದಾರೆ. ಮೊದಲು ಮನೆಯ ಟೆಲಿವಿಷನ್ನು, ಆಮೇಲೆ ಮಾಲುಗಳ ಮಲ್ಟಿಪ್ಲೆಕ್ಸು, ಆಮೇಲೆ ಕೈಯೊಳಗಿನ ಫೋನು. ಸುರುಳಿ ಹೋಗಿ ಡಿಜಿಟಲ್ ಯಂತ್ರ ಬಂದಾಗ, ರೀಲಿನ ಡಬ್ಬಿಯನ್ನು ಸೈಕಲ್ಲಿನ ಮೇಲೆ ಒಂದು ಟಾಕೀಸಿನಿಂದ ಇನ್ನೊಂದಕ್ಕೆ ಸಾಗಿಸುತ್ತಿದ್ದ ಹುಡುಗರ ಕೆಲಸ ಹೋಯಿತು, ಆಪರೇಟರುಗಳ ಕೆಲಸ ಅರ್ಧ ಹೋಯಿತು. 2020ರಲ್ಲಿ ಕೋವಿಡ್ ಬಾಗಿಲು ಹಾಕಿಸಿತು. ಮೈಸೂರಿನ ಶಾಂತಲಾ, ಲಕ್ಷ್ಮೀ ಚಿತ್ರಮಂದಿರಗಳು ಅದೇ ವರ್ಷ ಶಾಶ್ವತವಾಗಿ ಮುಚ್ಚಿದವು. ಗೇಟಿನವರು, ಟಿಕೆಟ್ಟು ಹರಿಯುವವರು, ಕಸ ಗುಡಿಸುವ ಹೆಂಗಸರು, ಸೈಕಲ್ ಸ್ಟ್ಯಾಂಡಿನವರು ಎಲ್ಲಿಗೆ ಹೋದರೆಂದು ಬರೆದಿಟ್ಟವರಿಲ್ಲ. ಮಲ್ಟಿಪ್ಲೆಕ್ಸಿನಲ್ಲಿ ನೆಲವಿಲ್ಲ, ಬೆಂಚಿಲ್ಲ. ದರ್ಜೆ ಹೋಯಿತೆಂದು ಹಿಗ್ಗಬೇಡಿ, ನೆಲದವನೇ ಹೋದ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಟಿಕೆಟ್ಟಿಗೆ 200 ರೂಪಾಯಿಯ ಮಿತಿ ಹಾಕಿತು, ಅದೇ ತಿಂಗಳಲ್ಲಿ ಮಲ್ಟಿಪ್ಲೆಕ್ಸಿನವರು ಹೈಕೋರ್ಟಿನಿಂದ ತಡೆಯಾಜ್ಞೆ ತಂದರು. ದರ ಇಳಿಸಬೇಕೆಂದು ಬೀದಿಗಿಳಿದ ನೋಡುಗರ ಸಂಘ ಒಂದೂ ಇರಲಿಲ್ಲ ಎಂಬುದನ್ನೂ ಹೇಳಬೇಕು.

ಇತ್ತ ಪುರಭವನದ ಸ್ಥಿತಿಯೂ ಹೆಮ್ಮೆಪಡುವಂಥದ್ದಲ್ಲ. ಅದರ ಆವರಣದಲ್ಲಿ ನೆಲದಡಿಯ ವಾಹನ ನಿಲ್ದಾಣವೆಂದು ಅಗೆದ ಕೆಲಸ ವರ್ಷಗಟ್ಟಲೆ ಎಳೆಯಿತು. ಕಾರು ನಿಲ್ಲಿಸುವ ಗುಂಡಿಗೆ ತೋರಿದ ಉತ್ಸಾಹದ ಕಾಲು ಪಾಲನ್ನು ಒಳಗಿನ ಅಟ್ಟಣೆಗೆ ತೋರಿದ್ದರೆ ಎಷ್ಟೋ ಆಗುತ್ತಿತ್ತು. ಹಳೆಯ ಕಟ್ಟಡ ಉಳಿಸಲು ದುಡ್ಡಿಲ್ಲವೆಂಬ ಮಾತನ್ನು ನಾವು ಒಪ್ಪುವುದಿಲ್ಲ. ಮುಂಬಯಿಯ ರಾಯಲ್ ಆಪೆರಾ ಹೌಸನ್ನು ನೋಡಿ. 1911ರಲ್ಲಿ ಐದನೆಯ ಜಾರ್ಜ್ ದೊರೆಯ ಕೈಯಿಂದ ಉದ್ಘಾಟನೆಯಾದ ರಂಗಶಾಲೆ ಅದು, ಸಿನಿಮಾ ಮಂದಿರವಾಗಿ 1993ರಲ್ಲಿ ಮುಚ್ಚಿತ್ತು. ಪಾಳುಬಿದ್ದು ಇಪ್ಪತ್ತಮೂರು ವರ್ಷದ ಮೇಲೆ, 2016ರಲ್ಲಿ, ದುರಸ್ತಿಯಾಗಿ ಮತ್ತೆ ರಂಗಶಾಲೆಯಾಯಿತು. ಅದು ಒಂದು ರಾಜಮನೆತನದ ಸ್ವತ್ತು. ಟಿಕೆಟ್ಟು ನಮ್ಮ ನಿಮ್ಮ ಜೇಬಿನದಲ್ಲ, ಅದು ಬೇರೆ ಮಾತು. ಟಾಕೀಸಾದದ್ದು ಮತ್ತೆ ನಾಟಕಶಾಲೆಯಾಗಬಹುದು ಎಂಬುದಂತೂ ಸಿದ್ಧವಾಯಿತು.

ನಮ್ಮ ತಾಲ್ಲೂಕು ಪಟ್ಟಣಗಳಲ್ಲಿ ಮುಚ್ಚಿರುವ, ಮುಚ್ಚಲಿರುವ ಟಾಕೀಸುಗಳ ಕಡೆಗೆ ಈಗ ಮದುವೆ ಮಂಟಪದವರೂ ನಿವೇಶನದ ದಲ್ಲಾಳಿಗಳೂ ಕಣ್ಣಿಟ್ಟಿದ್ದಾರೆ. ಅವು ಬೀಳುವ ಮೊದಲು ನಗರಸಭೆ, ಪುರಸಭೆಗಳು ಮಾಡಬಹುದಾದ ಕೆಲಸ ಒಂದುಂಟು. ಆ ಕಟ್ಟಡಗಳಲ್ಲಿ ಗಟ್ಟಿಯಾಗಿರುವ ಒಂದನ್ನಾದರೂ ಕೊಂಡೋ ದೀರ್ಘ ಗುತ್ತಿಗೆಗೆ ಹಿಡಿದೋ, ತೆರೆಯ ಹಿಂದಿನ ಅಟ್ಟಣೆಯನ್ನು ಮುಂದಕ್ಕೆ ತೆಗೆದು, ಊರಿನ ರಂಗಮಂದಿರ ಮಾಡುವುದು. ವಾರಕ್ಕೆ ಎರಡು ದಿನ ಕಡಿಮೆ ದರದಲ್ಲಿ ಕನ್ನಡ ಸಿನಿಮಾ, ಸುಗ್ಗಿಯ ಆಚೆಗೆ ಹಳ್ಳಿಯ ಮಂಡಳಿಗಳ ನಾಟಕ, ಉಳಿದ ದಿನ ಸಭೆ, ಶಾಲೆಯ ಮಕ್ಕಳ ಉತ್ಸವ. ಸಭಾಭವನ ನಡೆಸಲು ಪೌರಾಡಳಿತ ಕಾನೂನಿನಲ್ಲಿ ಅಡ್ಡಿಯಿಲ್ಲ. ಬಾಡಿಗೆಯ ಪಟ್ಟಿಯನ್ನು ಬಾಗಿಲಲ್ಲೇ ಬರೆದು ಹಾಕಬೇಕು. ದಿನ ಕೊಡುವ ರಿಜಿಸ್ಟರು ಯಾರು ಕೇಳಿದರೂ ನೋಡಲು ಸಿಕ್ಕಬೇಕು, ಏಕೆಂದರೆ ‘ಆ ದಿನ ಖಾಲಿಯಿಲ್ಲ’ ಎಂಬ ಮಾತಿನಲ್ಲಿ ಬಹಳ ರಾಜಕೀಯ ಅಡಗಿರುತ್ತದೆ. ಅಟ್ಟಣೆಯ ಹಿಂದೆ ಹೆಂಗಸರಿಗೆ ಬಾಗಿಲು ಭದ್ರವಾಗಿರುವ ಬಣ್ಣದ ಕೋಣೆ, ನೀರು, ಶೌಚಾಲಯ ಬೇಕು. ಹಾಡಿಯ ಜೇನುಕುರುಬ, ಸೋಲಿಗ, ಯರವರ ಮಕ್ಕಳು ತಮ್ಮ ಕುಣಿತವನ್ನು ದಸರೆಯ ಮೆರವಣಿಗೆಯಲ್ಲಿ ಅಲಂಕಾರಕ್ಕೆಂದು ಮಾತ್ರ ತೋರಿಸದೆ, ತಮ್ಮ ತಾಲ್ಲೂಕಿನ ಅಟ್ಟಣೆಯಲ್ಲಿ ತಮ್ಮ ಹೆಸರಿನಲ್ಲೇ ತೋರಿಸುವಂತಿರಬೇಕು. ಬೆಂಕಿಯ ದಾರಿಗಳು ಬೀಗವಿಲ್ಲದೆ ತೆರೆದಿರಬೇಕು, ಮುಚ್ಚಿದ ಟಾಕೀಸಿನ ಹಳೆಯ ಕೆಲಸಗಾರರಿಗೆ ಮೊದಲ ಕೆಲಸ ಕೊಡಬೇಕು.

ಇದಕ್ಕೆ ಅರ್ಜಿಯ ಕರಡು ಬರೆದು ತಂದಿದ್ದೇವೆ. ಓದಿ ಹೇಳಿದ ಮೇಲೆ ತಿದ್ದುಪಡಿ ಇದ್ದವರು ಎದ್ದು ಸೂಚಿಸಬೇಕು. ನಾಲ್ಕು ಊರಿನವರೂ ತಮ್ಮ ತಮ್ಮ ಪೌರಸಭೆಯ ಮುಂದಿನ ಸಾಮಾನ್ಯ ಸಭೆ ಯಾವ ದಿನವೆಂದು ನಾಳೆಯೇ ವಿಚಾರಿಸಿ, ಆ ದಿನಕ್ಕೆ ಮುಂಚೆ ಇದನ್ನು ಕೈಯಾರೆ ಕೊಟ್ಟು, ಕೊಟ್ಟದ್ದಕ್ಕೆ ಮೊಹರು ಹಾಕಿಸಿಕೊಂಡ ಪ್ರತಿಯನ್ನು ಇಟ್ಟುಕೊಳ್ಳಬೇಕು. ಹಾರ್ಮೋನಿಯಂ ಮೇಷ್ಟ್ರುಗಳ ಸಹಿಯನ್ನು ಮರೆಯದೆ ಹಾಕಿಸಿ.